ಬೋರ್ಡಿನ ಮೇಲೆ ಇಪ್ಪತ್ತೆಂಟು

ನವೆಂಬರ್ 3, ಸೋಮವಾರ

ಕೊಳದ ರಿಜಿಸ್ಟರಿನಲ್ಲಿ ಐದು ಕಾಲಂ. ತಾರೀಖು, ನೀರಿನ ಬಿಸಿ, ಕ್ಲೋರಿನ್, ಬಂದ ಜನ, ಸಹಿ. ಇವತ್ತು ನಡೆದದ್ದು ಈ ಐದರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಅದಕ್ಕೇ ಈ ಬೇರೆ ನೋಟ್‌ಬುಕ್ಕು.

ಪುರಸಭೆಯಿಂದ ಪತ್ರ ಬಂದಿದೆ. ಗ್ಯಾಸಿನ ದರ ಎರಡರಷ್ಟಾಗಿದೆಯಂತೆ. ಆದ್ದರಿಂದ ಈಜುಕೊಳದ ನೀರನ್ನು ಇಪ್ಪತ್ತಾರು ಡಿಗ್ರಿಗಿಂತ ಹೆಚ್ಚು ಕಾಯಿಸಕೂಡದು, ಜನವರಿ ಒಂಬತ್ತರೊಳಗೆ ಗ್ಯಾಸಿನ ಖರ್ಚಿನಲ್ಲಿ ಮೂರನೇ ಒಂದು ಭಾಗ ಉಳಿತಾಯವಾಗಬೇಕು. ಇದು ಮೊದಲನೇ ಷರತ್ತು. ವಾರಕ್ಕೆ ಮುನ್ನೂರಕ್ಕಿಂತ ಕಮ್ಮಿ ಜನ ಬಂದರೂ ಕೊಳ ಮುಚ್ಚಲಾಗುವುದು. ಇದು ಎರಡನೆಯದು. ನೀರು ತಣ್ಣಗಾಗಬೇಕು, ಜನ ಮಾತ್ರ ಕಮ್ಮಿಯಾಗಬಾರದು. ಬರೆದ ಪುಣ್ಯಾತ್ಮ ಜನ್ಮದಲ್ಲಿ ನೀರಿಗಿಳಿದವನಲ್ಲ. ಅತ್ತ ದರಿ, ಇತ್ತ ಪುಲಿ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರಿಗೆ ಎಪ್ಪತ್ತೆಂಟು. ಮಂಡಿಯ ಆಪರೇಷನ್ನನ್ನು ಅವರ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಕೈಬಿಟ್ಟು, ಬೆಚ್ಚಗಿನ ನೀರಿನಲ್ಲಿ ದಿನಾ ನಡೆಯಿರಿ ಎಂದಿದ್ದಾರೆ. ನಾಲ್ಕು ವರ್ಷದಿಂದ ಬೆಳಿಗ್ಗೆ ಏಳಕ್ಕೆ ಎಲ್ಲರಿಗಿಂತ ಮೊದಲು ಕೊಳದಲ್ಲಿರುತ್ತಾರೆ. ಕಂಬಿ ಹಿಡಿದು ಆ ಗೋಡೆಯಿಂದ ಈ ಗೋಡೆಗೆ ಇಪ್ಪತ್ತು ಸಲ. ಎರಡು ದಿನ ತಪ್ಪಿದರೆ ನಮ್ಮ ಮನೆಯ ಮೆಟ್ಟಿಲು ಹತ್ತಲಾರರು. ಪತ್ರದ ವಿಷಯ ಪೂರ್ತಿ ಕೇಳಿಸಿಕೊಂಡು, "ಚಹಾಕ್ಕೆ ಸಕ್ಕರೆ ಜಾಸ್ತಿಯಾಯ್ತು" ಅಂದರು.

ನಮ್ಮಿಬ್ಬರ ಮಾತು ಇಷ್ಟೇ. ನಮ್ಮವರು ದೂರದೂರಿಗೆ ಬಸ್ಸು ಓಡಿಸುತ್ತಾರೆ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ನಾವಿಬ್ಬರೇ. ಜಗಳವೂ ಆಡಿಲ್ಲ, ಹರಟೆಯೂ ಹೊಡೆದಿಲ್ಲ. ಕೊಳ ನನಗೆ ಕೆಲಸ, ಅವರಿಗೆ ಕಾಲು. ಅಷ್ಟೇ ವ್ಯತ್ಯಾಸ.

ನವೆಂಬರ್ 6, ಗುರುವಾರ

ಬಾಯ್ಲರಿನ ಮುಳ್ಳು ಇಳಿಸಿ ಮೂರು ದಿನವಾಯಿತು. ಇಪ್ಪತ್ತೊಂಬತ್ತು ಇದ್ದದ್ದು ಇವತ್ತು ಇಪ್ಪತ್ತಾರಕ್ಕೆ ಬಂತು. ಬಾಗಿಲ ಬಳಿಯ ಕರಿಬೋರ್ಡಿನಲ್ಲಿ ಸೀಮೆಸುಣ್ಣದಿಂದ ದೊಡ್ಡದಾಗಿ 26 ಎಂದು ಬರೆದೆ. ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು, ಇಡೀ ಜಗತ್ತು ಇನ್ನೂ ಅವರ ತರಗತಿ. ಬೋರ್ಡು ಓದಿದರು, ತಲೆಯಾಡಿಸಿದರು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದ ದಾರಿಗೆ ಸುಂಕವಿಲ್ಲದೆ ಹೋದರು. ಹಾಗೆ ನೀರು ಮುಟ್ಟಿಯೂ ನೋಡದೆ ಹೋದವರು ಹದಿನಾರು ಜನ.

ದರ್ಜಿ ಮಾತ್ರ ಕಾಲು ಅದ್ದಿದ. "ಅಕ್ಕಾ, ಇದು ಈಜುಕೊಳಾನೋ ಫ್ರಿಜ್ಜೋ?" ಎಂದು ಹೊಟ್ಟೆ ತಬ್ಬಿಕೊಂಡು ನಿಂತ. ಆಮೇಲೆ, "ರಾತ್ರಿ ಹೊದಿಕೆ ಹಾಕಿದ್ರೆ ಬಿಸಿ ಉಳಿಯುತ್ತಲ್ವಾ?" ಅಂದ.

ಉಳಿಯುತ್ತದೆ, ನನಗೇನು ಗೊತ್ತಿಲ್ಲವೇ? ಕೊಳದಷ್ಟೇ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆ, ಒಂದು ತುದಿಯಲ್ಲಿ ಸುರುಳಿ ಸುತ್ತಿ ಬಿದ್ದಿದೆ. ಎಳೆಯುವ ಮೋಟಾರು ಮಾರ್ಚಿನಲ್ಲಿ ಸುಟ್ಟುಹೋಯಿತು, ಹೊಸದಕ್ಕೆ ಮಂಜೂರಾತಿ ಇಲ್ಲ. ಕೈಯಲ್ಲಿ ಎಳೆಯಲು ಎಂಟು ಜನ ಬೇಕು. ಕೊಳಕ್ಕೆ ಈಗ ಉಳಿದಿರುವುದು ನಾನು ಮತ್ತು ಗೇಟಿನವರು, ಇಬ್ಬರೇ.

"ನಾವು ಹಿಡೀತೀವಿ ಬಿಡಿ ಅಕ್ಕಾ, ಅದೇನು ಮಹಾ" ಎಂದ ದರ್ಜಿ.

"ಟಿಕೆಟ್ ತಗೊಂಡು ಬಂದೋರ ಕೈಲಿ ಚಾಕರಿ ಮಾಡಿಸೋ ಗತಿ ನಮಗಿನ್ನೂ ಬಂದಿಲ್ಲಪ್ಪ" ಅಂದೆ. ಪಾಪ, ಮುಖ ಸಣ್ಣಗೆ ಮಾಡಿಕೊಂಡು ನೀರಿಗಿಳಿದ. ಒರಟಾಗಿ ಹೇಳಿದೆನೇನೋ. ಆದರೆ ನಮ್ಮಪ್ಪ ಪಕ್ಕದ ಮನೆಯಿಂದ ಒಂದು ಬೆಂಕಿಕಡ್ಡಿ ಕೇಳಿದವರಲ್ಲ. ನಾನೂ ಅದೇ ಗರಡಿಯವಳು.

ನವೆಂಬರ್ 10, ಸೋಮವಾರ

ಹೋದ ವಾರ ಬಂದವರು 244.

ನವೆಂಬರ್ 13, ಗುರುವಾರ

ಬೆಳಿಗ್ಗೆ ಬೋರ್ಡು ಒರೆಸಿ 2 ಬರೆದೆ. ಪಕ್ಕದಲ್ಲಿ 6 ಬರೆಯಬೇಕು. ಕೈ 8 ಬರೆಯಿತು. ಕೈಯ ಮೇಲೆ ಯಾಕೆ ಹಾಕಲಿ, ನಾನೇ ಬರೆದೆ. ರಿಜಿಸ್ಟರಿನಲ್ಲಿ 26 ಎಂದೇ ಇದೆ. ರಿಜಿಸ್ಟರಿಗೆ ಸುಳ್ಳು ಬರೆಯುವವಳಲ್ಲ ನಾನು. ಬೋರ್ಡಿನ ಮಾತು ಬೇರೆ, ಸಂಜೆಗೆ ಅಳಿಸಿಹೋಗುವಂಥದ್ದು.

ದರ್ಜಿ ಬೋರ್ಡು ನೋಡಿ ಮೆಟ್ಟಿಲೂ ಇಳಿಯದೆ ಧುಮುಕಿದ. ಮೇಲೆದ್ದು, "ಆಹಾ! ನೀರು ಅಂದ್ರೆ ಇದು ನೋಡಿ ಅಕ್ಕಾ!" ಎಂದ. ಮೇಷ್ಟ್ರು ಕುತ್ತಿಗೆಯವರೆಗೆ ಮುಳುಗಿ ನಿಂತು, ಎರಡು ಡಿಗ್ರಿ ವ್ಯತ್ಯಾಸವನ್ನು ಚರ್ಮ ಹೇಗೆ ಗುರುತಿಸುತ್ತದೆ ಎಂದು ಸುತ್ತಲಿದ್ದ ನಾಲ್ವರಿಗೆ ಹತ್ತು ನಿಮಿಷ ಪಾಠ ಮಾಡಿದರು. ನಾನು ಪಂಪ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ. ಬಹಳ ದಿನವಾಗಿತ್ತು ಹಾಗೆ ನಕ್ಕು.

ನವೆಂಬರ್ 14, ಶುಕ್ರವಾರ

ನಿನ್ನೆ ಅತ್ತೆ ಬಂದು ಹೋದ ಮೇಲೆ ಬೋರ್ಡು ಬರೆದಿದ್ದೆ. ಇವತ್ತು ಅವರು ಬರುವಾಗಲೇ 28 ಇತ್ತು. ನೀರಿಗಿಳಿದು ಒಂದು ಗಳಿಗೆ ಅಲ್ಲಾಡದೆ ನಿಂತರು. ಬೋರ್ಡು ನೋಡಿದರು. ನನ್ನನ್ನು ನೋಡಿದರು. ಅಷ್ಟರಲ್ಲಿ ತಲೆ ನೆನೆಯದಂತೆ ಕತ್ತು ಎತ್ತಿಕೊಂಡೇ ಈಜುವ ನರ್ಸಮ್ಮ, ನಾವೆಲ್ಲ ಬಾತುಕೋಳಿ ಎಂದು ಕರೆಯುವವಳು, "ಬೆಚ್ಚಗಿದೆ ಅಲ್ವಾ ಅಜ್ಜಿ?" ಎಂದು ಕೇಳಿದಳು.

"ಹೂಂ, ಬೆಚ್ಚಗಿದೆ" ಅಂದರು ಅತ್ತೆ.

ಇಪ್ಪತ್ತರ ಬದಲು ಎಂಟು ಸಲ ನಡೆದು ಹತ್ತಿದರು. ರಾತ್ರಿ ಊಟ ಜಾಸ್ತಿಯಾಗಿತ್ತಂತೆ.

ನವೆಂಬರ್ 24, ಸೋಮವಾರ

ಹೋದ ವಾರ 338! ಗೇಟಿನವರು ಎರಡು ಸಲ ಎಣಿಸಿದರು. ಕೊಳ ಉಳಿಯಿತು ಅಂತಲೇ ಲೆಕ್ಕ. ಮನೆಗೆ ಬರುತ್ತಾ ಹಣ್ಣು ತಂದೆ. ಅತ್ತೆ ಒಂದು ಹೋಳು ತಿಂದು, ಚಳಿಗಾಲದಲ್ಲಿ ಇಷ್ಟು ಸಿಹಿ ಇರೋದು ಅಪರೂಪ ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆಯೇ ಸರಿ.

ನವೆಂಬರ್ 29, ಶನಿವಾರ

ಅತ್ತೆಯ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಮಂಡಿಗೆ ಸುತ್ತಿಕೊಳ್ಳುತ್ತಿದ್ದರು. ಎಡ ಮಂಡಿ ಊದಿ ತೆಂಗಿನಕಾಯಿಯಷ್ಟಾಗಿದೆ. ಒಳಗೆ ಹೋಗಿ ಕೇಳಬಹುದಿತ್ತು. ಹೋಗಲಿಲ್ಲ. ಅಷ್ಟು ತಣ್ಣಗನಿಸಿದ್ದರೆ ಅವರೇ ಹೇಳಬೇಕಿತ್ತು, ಬಾಯಿ ಇಲ್ಲವೇ? ಬರೆದ ಮೇಲೆ ಓದಿದೆ. ಎಂಥ ಮಾತು ಬರೆದಿದ್ದೇನೆ. ಹೊಡೆದುಹಾಕುವುದಿಲ್ಲ, ಇರಲಿ.

ಡಿಸೆಂಬರ್ 4, ಗುರುವಾರ

ಅತ್ತೆ ಕೊಳಕ್ಕೆ ಬಾರದೆ ಮೂರು ದಿನ. "ಇವತ್ತು ಬೇಡ" ಎನ್ನುತ್ತಾರೆ. ಮೂರು ದಿನವೂ ಅದೇ ಮಾತು, ಅದೇ ಕುರ್ಚಿ.

ಡಿಸೆಂಬರ್ 9, ಮಂಗಳವಾರ

ಪುರಸಭೆಯ ಇಂಜಿನಿಯರ್ ಬಂದಿದ್ದರು. ನಾಲ್ಕು ವಾರದ ಗ್ಯಾಸಿನ ಮೀಟರಿನ ಲೆಕ್ಕ ಹಿಡಿದು ಸೀದಾ ನನ್ನ ಮೇಜಿಗೆ ಬಂದರು. ಹತ್ತರಲ್ಲಿ ಒಂದು ಭಾಗವೂ ಉಳಿದಿಲ್ಲವಂತೆ. "ಇಪ್ಪತ್ತಾರಕ್ಕೆ ಇಷ್ಟು ಗ್ಯಾಸ್ ಹೋಗಲ್ಲಮ್ಮ. ಎಷ್ಟಕ್ಕೆ ಇಟ್ಟಿದ್ದೀರಿ?"

"ಇಪ್ಪತ್ತಾರಕ್ಕೇ ಸರ್."

ಅವರು ಫೋನು ತೆಗೆದು ಒಂದು ಫೋಟೋ ತೋರಿಸಿದರು. ನನ್ನದೇ ಬೋರ್ಡು. ನನ್ನದೇ ಅಕ್ಷರ. 28. ಕೊಳದ ನೀರು ಈಗ ಎಷ್ಟು ಹಿತ ಎಂದು ಹೊಗಳಿ ಮೇಷ್ಟ್ರು ಪುರಸಭೆಗೆ ಮೆಚ್ಚುಗೆಯ ಪತ್ರ ಬರೆದಿದ್ದಾರೆ! ಜೊತೆಗೆ ಈ ಫೋಟೋ! ಹೊಗಳಿ ಹೊಗಳಿ ನನ್ನನ್ನು ಹೊಂಡಕ್ಕೆ ಹಾಕಿದರು ಪುಣ್ಯಾತ್ಮರು.

ಬೋರ್ಡು ಸುಳ್ಳು ಸರ್, ಜನ ಬರಲಿ ಅಂತ ಬರೆದೆ, ನಿಜ ರಿಜಿಸ್ಟರಿನಲ್ಲಿದೆ ಎಂದೆ. ರಿಜಿಸ್ಟರು ತೆರೆದು ಮುಂದಿಟ್ಟೆ. ಅವರು ಮುಟ್ಟಲೂ ಇಲ್ಲ. "ಬೋರ್ಡು ಬರೆದ ಕೈಯೇ ಅಲ್ವಾ ಇದನ್ನೂ ಬರೆದಿರೋದು?" ಅಂದರು.

ಇಪ್ಪತ್ತೆರಡು ವರ್ಷ ಒಂದು ಅಂಕಿ ತಪ್ಪದೆ ಬರೆದ ರಿಜಿಸ್ಟರು. ಸೀಮೆಸುಣ್ಣದ ಎರಡಂಕಿ ಅದನ್ನು ತಿಂದು ಹಾಕಿತು. ತುಂಬಾ ಅವಮಾನವಾಯಿತು. ಅತ್ತಿದ್ದರೆ ಚೆನ್ನಾಗಿತ್ತು, ಅಳು ಬರಲಿಲ್ಲ. ಜನವರಿ ಒಂಬತ್ತಕ್ಕೆ ಅವರೇ ಬಂದು ಮೀಟರು ನೋಡುತ್ತಾರೆ. ಉಳಿತಾಯ ಕಾಣದಿದ್ದರೆ ಅವತ್ತೇ ಬೀಗ.

ಡಿಸೆಂಬರ್ 10, ಬುಧವಾರ

ನಿನ್ನೆಯ ವಿಷಯ ಅತ್ತೆಗೆ ಹೇಳಬಾರದೆಂದು ಇದ್ದೆ. ಚಹಾ ಕೊಡುವಾಗ ಎಲ್ಲಾ ಹೇಳಿಬಿಟ್ಟೆ. 28ರ ವಿಷಯವನ್ನೂ.

"ಗೊತ್ತು" ಅಂದರು.

"ಯಾವಾಗಿಂದ?"

"ಮೊದಲನೇ ದಿನದಿಂದ. ಇಪ್ಪತ್ತೆಂಟೂ ಇರಲಿಲ್ಲ, ನಿನ್ನ ಇಪ್ಪತ್ತಾರೂ ಇರಲಿಲ್ಲ. ನೀನು ಅಳತೆ ನೋಡೋದು ಹತ್ತು ಗಂಟೆಗೆ. ನಾನು ಇಳಿಯೋದು ಏಳಕ್ಕೆ."

ನನಗೆ ಹೊಡೆದ ಹಾಗಾಯಿತು. ರಾತ್ರಿ ಬಾಯ್ಲರ್ ಆರಿಸುತ್ತೇವೆ. ಹೊದಿಕೆ ಇಲ್ಲದ ನೀರು ಬೆಳಗಾಗುವಷ್ಟರಲ್ಲಿ ಇಪ್ಪತ್ನಾಲ್ಕಕ್ಕೆ ಇಳಿದಿರುತ್ತದೆ. ಮತ್ತೆ ಅದನ್ನು ಏರಿಸುವುದಕ್ಕೇ ಗ್ಯಾಸೆಲ್ಲಾ ಹೋಗುತ್ತಿದೆ. ನಿಯಮದ ಪ್ರಕಾರ ಹತ್ತಕ್ಕೆ ಅಳೆದು, ನಿಜವನ್ನೇ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ. ಆ ಇಪ್ಪತ್ನಾಲ್ಕರಲ್ಲಿ ಮೂರು ವಾರ ಮುದುಕಿಯನ್ನು ನಡೆಸಿದ್ದೇನೆ.

"ಹೇಳಬಾರದಿತ್ತಾ ಅತ್ತೆ?"

"ಹೇಳಿದ್ರೆ ಬೋರ್ಡು ಅಳಿಸ್ತಿದ್ದೆ. ಜನ ಬರ್ತಿರಲಿಲ್ಲ. ಕೊಳ ಮುಚ್ಚಿದ್ರೆ ನೀನು ದಿನಾ ಎಲ್ಲಿಗೆ ಹೋಗ್ತಿದ್ದೆ? ನನ್ನ ಕಾಲಿಗೇನು, ಅದು ಮನೇಲೂ ಕೂತಿರುತ್ತೆ."

ನಾನು ಖಾಲಿ ಲೋಟ ಎತ್ತಿಕೊಂಡೆ. ಅವರೇ, "ಆ ಹೊದಿಕೆ ಏನಾಯ್ತು?" ಎಂದು ಕೇಳಿದರು. ಎಂಟು ಜನ ಬೇಕು, ಜನರನ್ನು ಹೇಗೆ ಕೇಳುವುದು, ನಾಚಿಕೆಯಾಗುತ್ತದೆ ಎಂದೆ.

"ಕೇಳೋಕೆ ನಾಚಿಕೆ. ಸುಳ್ಳು ಬರೆಯೋಕೆ ನಾಚಿಕೆ ಆಗಲಿಲ್ವೇನೇ?"

ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಬೈದರು. ಬೈಸಿಕೊಂಡ ಮೇಲೆ ಅವರ ಮಂಡಿಗೆ ನಾನೇ ಬಟ್ಟೆ ಸುತ್ತಿದೆ. ಬೇಡ ಅನ್ನಲಿಲ್ಲ.

ಡಿಸೆಂಬರ್ 11, ಗುರುವಾರ

ಬೋರ್ಡಿನಲ್ಲಿ ಬರೆದದ್ದು: ಇವತ್ತು ಏಳು ಗಂಟೆಗೆ 24. ಹತ್ತು ಗಂಟೆಗೆ 26. ನವೆಂಬರ್ 13ರಿಂದ ಇಲ್ಲಿದ್ದ 28 ಸುಳ್ಳು. ತಪ್ಪು ನನ್ನದು.

ಬಾತುಕೋಳಿ ಓದಿ ತಕ್ಷಣ ನಡುಗತೊಡಗಿದಳು. ಇನ್ನೂ ಸ್ವೆಟರಿನಲ್ಲೇ ಇದ್ದಳು. ದರ್ಜಿ ಹೊಟ್ಟೆ ಕುಲುಕಿಸಿ ನಕ್ಕ, "ಒಂದು ತಿಂಗಳು ಫ್ರಿಜ್ಜಲ್ಲಿ ಈಜಿದೀನಾ ನಾನು!" ಮೇಷ್ಟ್ರು ನಗಲಿಲ್ಲ. ಎರಡು ಸಲ ಓದಿದರು. ತಮ್ಮ ಪಾಠ ಕೇಳಿದ ನಾಲ್ವರೂ ಅಲ್ಲೇ ನಿಂತಿದ್ದರು. "ನನ್ನನ್ನ ಮೂರ್ಖನನ್ನಾಗಿ ಮಾಡಿದ್ರಿ. ಇನ್ನು ಈ ಕಡೆ ತಲೆ ಹಾಕಲ್ಲ" ಎಂದು ಹೊರಟರು. ಅವರ ಹಿಂದೆ ಇನ್ನೂ ಕೆಲವರು.

ಸಂಜೆ ಕೇಳಬೇಕಿತ್ತು. ಪಂಪ್ ರೂಮಿನಲ್ಲಿ ನಿಂತು ಮಾತು ಅಭ್ಯಾಸ ಮಾಡಿದೆ. ಹೊರಗೆ ಬಂದು ಸುಮ್ಮನೆ ಎರಡು ಸಲ ಕೊಳ ಸುತ್ತಿದೆ. ಕೊನೆಗೆ ಸೀಟಿ ಊದಿಬಿಟ್ಟೆ. ಎಲ್ಲರೂ ಯಾರೋ ಮುಳುಗಿದರೆಂದು ಬೆಚ್ಚಿ ನೋಡಿದರು. "ಹೊದಿಕೆ ಎಳೆಯೋಕೆ ಆರು ಜನ ಬೇಕಾಗಿತ್ತು" ಎಂದೆ, ಯಾರ ಮುಖವನ್ನೂ ನೋಡದೆ.

ದರ್ಜಿ ಮೊದಲು ಬಂದ. ಹೋದ ತಿಂಗಳು ನಾನು ಹೇಳಿದ್ದನ್ನು ನೆನಪಿಸಲಿಲ್ಲ, ದೊಡ್ಡ ಮನುಷ್ಯ. ಎಂಟು ಜನ ಎಳೆದೆವು. ಸೊಟ್ಟ ಹೋಯಿತು, ಮೂಲೆ ಮುಳುಗಿತು, ಮತ್ತೆ ಸುತ್ತಿ ಮತ್ತೆ ಎಳೆದೆವು. ನಲವತ್ತು ನಿಮಿಷ. ಅಂಗೈ ಕೆಂಪಾಗಿ ಪೆನ್ನು ಹಿಡಿಯಲು ಆಗುತ್ತಿಲ್ಲ.

ಡಿಸೆಂಬರ್ 12, ಶುಕ್ರವಾರ

ಏಳು ಗಂಟೆಗೆ 25 ಮುಕ್ಕಾಲು! ಒಂದೇ ರಾತ್ರಿಗೆ!

ಡಿಸೆಂಬರ್ 20, ಶನಿವಾರ

ಅತ್ತೆ ಸಂಜೆ ಹೊತ್ತು ಬರುತ್ತಿದ್ದಾರೆ. ಈಜಲು ಅಲ್ಲ, ಊತ ಇನ್ನೂ ಪೂರ್ತಿ ಇಳಿದಿಲ್ಲ. ದರ್ಜಿ ತನ್ನ ಸ್ಕೂಟರಿನಲ್ಲಿ ಕರೆತರುತ್ತಾನೆ. ದಡದಲ್ಲಿ ಕುರ್ಚಿ ಹಾಕಿಸಿಕೊಂಡು, "ಒಂದು, ಎರಡು, ಎಳೀರಿ!" ಎಂದು ಕೂಗುತ್ತಾರೆ. ಇಷ್ಟು ದೊಡ್ಡ ದನಿ ಎಲ್ಲಿಟ್ಟಿದ್ದರೋ. ನಲವತ್ತು ನಿಮಿಷದ ಕೆಲಸ ಹನ್ನೆರಡಕ್ಕೆ ಇಳಿದಿದೆ. ಮನೆಗೆ ಬಂದ ಮೇಲೆ ಯಾರು ಸರಿಯಾಗಿ ಎಳೆದರು, ಯಾರು ಸುಮ್ಮನೆ ಹಿಡಿದು ನಿಂತಿದ್ದರು ಎಂದು ಇಬ್ಬರೂ ಚಾಡಿ ಹೇಳಿಕೊಳ್ಳುತ್ತೇವೆ. ಇವತ್ತು ಅದರಲ್ಲೇ ಅನ್ನ ಸೀದುಹೋಯಿತು.

ಜನವರಿ 3, ಶನಿವಾರ

ಹೊದಿಕೆ ಎಳೆಯುವವರಲ್ಲಿ ಮೂವರು ಊರಿಗೆ ಹೋಗಿದ್ದಾರೆ. ನಾನು ಯಾರನ್ನೂ ಏನೂ ಕೇಳುವವಳಲ್ಲ, ನನ್ನ ಸ್ವಭಾವವೇ ಹಾಗೆ. ಆದರೆ ಬೇರೆ ದಾರಿ ಇರಲಿಲ್ಲ. ಹಾಲಿನವನನ್ನು ಕೇಳಿದೆ, ಬಾತುಕೋಳಿಯ ಗಂಡನನ್ನು ಕೇಳಿದೆ, ಪಾರ್ಸೆಲ್ಲು ಕೊಡಲು ಬಂದವನನ್ನೂ ನಿಲ್ಲಿಸಿ ಕೇಳಿದೆ. ಮೂವರೂ ಹೂಂ ಅಂದರು. ನಮ್ಮವರು ರಜದಲ್ಲಿದ್ದಾರೆ, ಅವರನ್ನಂತೂ ಕೇಳಲಿಲ್ಲ, ಹೊದಿಕೆಯ ಹಗ್ಗ ಕೈಗೆ ಕೊಟ್ಟೆ. "ನೀವಿಬ್ಬರೂ ಯಾವಾಗಿಂದ ಒಂದೇ ಪಾರ್ಟಿ?" ಎಂದು ಅವರು ಕೇಳಿದರು. ಯಾವ ಪಾರ್ಟಿ ಅಂತ ಅರ್ಥವಾಗಲಿಲ್ಲ.

ಈ ವಾರ ಬಂದವರು 271. ಅದೊಂದೇ ಚಿಂತೆ.

ಜನವರಿ 9, ಶುಕ್ರವಾರ

ಬೆಳಿಗ್ಗೆಯಿಂದ ಕಾದೆ. ಇಂಜಿನಿಯರ್ ಬರಲಿಲ್ಲ. ಸಂಜೆ ಏಳಕ್ಕೆ ಹೊದಿಕೆ ಎಳೆಯಲು ನಿಂತರೆ ಏಳೇ ಜನ. ದರ್ಜಿಗೆ ಮದುವೆಯ ಬಟ್ಟೆ ಹೊಲಿದು ಕೊಡುವುದಿತ್ತು. ಅವನು ಹಿಡಿಯುವ ಮೂಲೆ ಮುಳುಗುತ್ತಿತ್ತು. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ಬಂದು ನಿಂತರು. "ಷೂ ಬಿಚ್ಚಿಟ್ಟು ಆ ತುದಿ ಹಿಡ್ಕೊಳ್ಳಿ, ಬೇಗ!" ಎಂದೆ. ಹಿಡಿದ ಮೇಲೆ ನೋಡುತ್ತೇನೆ, ಇಂಜಿನಿಯರ್! ಅವರೂ ಇಂಗು ತಿಂದ ಮಂಗನ ಹಾಗೆ ಹಗ್ಗ ಹಿಡಿದು ನಿಂತಿದ್ದಾರೆ. ಬಿಡಿ ಸರ್ ಎನ್ನುವಷ್ಟು ಪುರುಸೊತ್ತಿರಲಿಲ್ಲ. ಅತ್ತೆ ಬೇರೆ ಕುರ್ಚಿಯಿಂದ, "ಏ ಕರಿ ಪ್ಯಾಂಟಿನವರೇ, ಹಿಡ್ಕೊಂಡು ನಿಂತ್ರೆ ಆಗಲ್ಲ, ಎಳೀಬೇಕು!" ಎಂದು ಕೂಗಿದರು. ಎಳೆದರು. ಪ್ಯಾಂಟು ಮೊಣಕಾಲಿನವರೆಗೆ ನೆನೆಯಿತು.

ಆಮೇಲೆ ಮೀಟರು ನೋಡಿದರು. ಹೊದಿಕೆ ಹಾಕಿದ ಈ ನಾಲ್ಕು ವಾರದಲ್ಲಿ ಮೂರನೇ ಒಂದಕ್ಕಿಂತಲೂ ಜಾಸ್ತಿ ಉಳಿದಿದೆ. ಜನರ ಕಾಲಂ ನಾನೇ ತೆಗೆದು ತೋರಿಸಿದೆ. ಈ ವಾರ 283, ಹದಿನೇಳು ಕಮ್ಮಿ. ಅವರು ರಿಜಿಸ್ಟರನ್ನು ಈ ಸಲ ಕೈಗೆ ತೆಗೆದುಕೊಂಡು, ಹಿಂದಿನ ಹಾಳೆಗಳನ್ನೂ ತಿರುವಿ ನೋಡಿದರು. ಜನರ ಲೆಕ್ಕಕ್ಕೆ ಮಾರ್ಚ್ ಕೊನೆಯವರೆಗೆ ಗಡುವು ಬರೆದುಕೊಡುತ್ತೇನೆ ಎಂದರು.

"ಇನ್ನೊಂದು ಸರ್" ಅಂದೆ. "ಒಂದು ಡಿಗ್ರಿ ಬೇಕು. ಜಾಸ್ತಿ ಉಳಿದಿದೆಯಲ್ಲ, ಅದರಲ್ಲಿ ಬೆಳಿಗ್ಗೆ ಇಪ್ಪತ್ತೇಳು ಇಟ್ಕೊಳ್ತೀನಿ. ನಮ್ಮತ್ತೆಗೆ ಇಪ್ಪತ್ತಾರು ಸಾಲಲ್ಲ."

ಅವರು ಕುರ್ಚಿಯ ಕಡೆ ನೋಡಿದರು. "ಇವರು ನಿಮ್ಮತ್ತೇನಾ?" ಎಂದು, ಪ್ಯಾಂಟು ಹಿಂಡಿಕೊಂಡು, ಇಪ್ಪತ್ತೇಳು ಎಂದು ಬರೆದು ಸಹಿ ಹಾಕಿದರು.

ಜನವರಿ 13, ಮಂಗಳವಾರ

ಏಳು ಗಂಟೆಗೆ ನೀರು 27. ಬೋರ್ಡಿನಲ್ಲೂ 27. ಅತ್ತೆ ನಲವತ್ತು ದಿನದ ಮೇಲೆ ಇಳಿದರು. ಒಂದು ಗಳಿಗೆ ಅಲ್ಲಾಡದೆ ನಿಂತರು. "ನಡೆಯುತ್ತೆ" ಅಂದರು. ಆರು ಸಲ ನಡೆದರು.

ಜನವರಿ 27, ಮಂಗಳವಾರ

ಹೋದ ವಾರ 291. ಇನ್ನು ಒಂಬತ್ತು ಜನ ಬೇಕು. ಮೇಷ್ಟ್ರು ಬಂದರೆ ಅವರ ಹಿಂದೆ ಹೋದವರೂ ಬರುತ್ತಾರೆ. ಬೈದರೆ ಬೈಯಲಿ, ತಪ್ಪು ನನ್ನದೇ. ನಾಳೆ ಅವರ ಮನೆಗೆ ಹೋಗಿ ಕೇಳುತ್ತೇನೆ ಎಂದು ಅತ್ತೆಗೆ ಹೇಳಿದೆ.

"ನಾನೂ ಬರ್ತೀನಿ" ಎಂದರು.

"ಮೂರನೇ ಮಹಡಿ ಅತ್ತೆ. ಲಿಫ್ಟ್ ಇಲ್ಲ."

"ಗೊತ್ತು" ಎಂದು ಹೇಳಿ, ಯಾವ ಸೀರೆ ಉಡಲಿ ಎಂದು ನನ್ನನ್ನು ಕೇಳಿದರು.